ನಾಳೆಯ ಲೋಕಕ್ಕೆ ಹೆಸರಿಡುವವರು ಯಾರು? ಆದವಾನಿ ಸೀಮೆಯ ಒಬ್ಬ ಸೈನ್ಸ್ ಫಿಕ್ಷನ್ ಅಭಿಮಾನಿಯ ಹವ್ಯಾಸಗಳ ಚರಿತ್ರೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತುಗಳ ಅಕ್ಷರ ರೂಪ. ಓದಿಗೆ ಅನುಕೂಲವಾಗುವಷ್ಟು ಮಾತ್ರ ತಿದ್ದಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ.

ಇವತ್ತಿನ ವಿಷಯ ಹವ್ಯಾಸ. ಚರಿತ್ರೆಯ ಸಂಕಿರಣದಲ್ಲಿ ವಿಡಿಯೋ ಗೇಮ್ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನಾನು ಆದವಾನಿ ಸೀಮೆಯವನು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು, ಸೈನ್ಸ್ ಫಿಕ್ಷನ್ ಹುಚ್ಚಿನವನು. ಈ ಹುಚ್ಚಿನಲ್ಲಿ ಮೂರು ಹವ್ಯಾಸ ಸೇರಿವೆ: ಮುಂದಿನ ಕಾಲದ ಕಥೆಗಳನ್ನು ಓದುವುದು ಮತ್ತು ನೋಡುವುದು, ಗೇಮ್ ಆಡುವುದು, ಗೆಳೆಯರು ಸೇರಿ ಒಂದು ಕಲ್ಪಿತ ಲೋಕವನ್ನು ಕಟ್ಟುವುದು. ಕೊನೆಯದಕ್ಕೆ ಒಂದೇ ಕಥೆ, ಒಬ್ಬನೇ ಲೇಖಕ ಅಂತ ಇಲ್ಲ. ಒಬ್ಬ ನಕಾಶೆ ಬರೀತಾನೆ, ಇನ್ನೊಬ್ಬ ಊರಿಗೆ ಹೆಸರಿಡ್ತಾನೆ, ಮತ್ತೊಬ್ಬ ಅಲ್ಲಿನ ಜಗಳ ಹುಟ್ಟಿಸ್ತಾನೆ.

ಈ ಹವ್ಯಾಸದ ಚರಿತ್ರೆಯನ್ನು ಸಾಮಾನ್ಯವಾಗಿ ಅಮೆರಿಕದಿಂದ ಶುರು ಮಾಡ್ತಾರೆ. 1926ರಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ ತಂದರು. ಅದರಲ್ಲಿ ಓದುಗರ ಪತ್ರಗಳು ವಿಳಾಸದ ಸಮೇತ ಅಚ್ಚಾಗುತ್ತಿದ್ದವು. ಓದುಗರು ಒಬ್ಬರಿಗೊಬ್ಬರು ಬರೆದುಕೊಂಡರು, ಸಂಘ ಕಟ್ಟಿದರು. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಯಿತು. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ ಬಂದಮೇಲೆ ಮೇಜಿನ ಸುತ್ತ ಕೂತು ಲೋಕ ಕಟ್ಟುವುದಕ್ಕೆ ಅಚ್ಚಾದ ನಿಯಮಗಳೇ ಸಿಕ್ಕವು. ಈ ಚರಿತ್ರೆ ಸುಳ್ಳಲ್ಲ. ಆದರೆ ನಮ್ಮ ಸೀಮೆಯಿಂದ ನೋಡಿದರೆ ಬೇರೆ ಒಂದು ಪ್ರಶ್ನೆ ಏಳುತ್ತದೆ. ಸೇರಿ ಲೋಕ ಕಟ್ಟುವ ಅಭ್ಯಾಸ ನಮಗೆ ಹೊಸದಲ್ಲ. ಹೊಸದಾಗಿ ಬಂದದ್ದು ನಾಳೆಯ ಲೋಕ, ಮತ್ತು ಅದು ಬಂದಾಗ ಕನ್ನಡದಲ್ಲಿ ಬರಲಿಲ್ಲ. ಇದರಿಂದ ಏನಾಯಿತು ಅನ್ನುವುದೇ ನನ್ನ ಪ್ರಬಂಧ.

1. ಸೀಮೆ

ಗೊತ್ತಿಲ್ಲದವರಿಗಾಗಿ ಎರಡು ಮಾತು. ಆದವಾನಿ, ಆಲೂರು, ರಾಯದುರ್ಗ ಈ ಮೂರೂ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಇವು ಆ ಕಡೆ ಹೋದವು. ಬಳ್ಳಾರಿ ಮೈಸೂರಿಗೆ ಬಂತು. ಆದವಾನಿ, ಆಲೂರು ಕರ್ನೂಲು ಜಿಲ್ಲೆಗೆ ಸೇರಿದವು, ರಾಯದುರ್ಗ ಅನಂತಪುರಕ್ಕೆ. ಹೊಳಗುಂದ, ಕೌತಾಳಂ, ಕೋಸಿಗಿ, ಮಂತ್ರಾಲಯದ ಕಡೆ ಇವತ್ತಿಗೂ ಕನ್ನಡ ಮನೆಮಾತಾಗಿರುವ ಊರುಗಳಿವೆ, ಕನ್ನಡ ಮಾಧ್ಯಮದ ಶಾಲೆಗಳಿವೆ. ಮನೆಯಲ್ಲಿ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ತೆಲುಗು, ಹತ್ತಿ ವ್ಯಾಪಾರದ ಅಂಗಡಿಯಲ್ಲಿ ಎರಡರ ಜೊತೆ ಉರ್ದೂ. ನಮಗೆ ಇದೇನೂ ವಿಶೇಷ ಅಲ್ಲ, ದಿನದ ಬದುಕು.

ಆದವಾನಿಯ ಬೆಟ್ಟದ ಮೇಲಿನ ಕೋಟೆ ವಿಜಯನಗರದವರ ಕೈಯಿಂದ ಬಿಜಾಪುರಕ್ಕೆ, ಮೊಗಲರಿಗೆ, ಆಮೇಲೆ ನಿಜಾಮನ ತಮ್ಮ ಬಸಾಲತ್ ಜಂಗನಿಗೆ ಹೋಯಿತು. 1786ರಲ್ಲಿ ಟಿಪ್ಪು ಹಿಡಿದ. 1800ರಲ್ಲಿ ಇಡೀ ಸೀಮೆ ಕಂಪನಿಗೆ ಸೇರಿತು. ಇಷ್ಟು ಸಲ ಒಡೆಯರು ಬದಲಾದ ಊರಿನವರಿಗೆ, ಲೋಕ ಈಗಿರುವ ಹಾಗೇ ಇರುವುದಿಲ್ಲ ಅಂತ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

2. ಸೇರಿ ಕಟ್ಟಿದ ಹಳೆಯ ಲೋಕಗಳು

ಹಲವರು ಸೇರಿ ಲೋಕ ಕಟ್ಟಬೇಕಾದರೆ ಮೂರು ಬೇಕು. ಎಲ್ಲರಿಗೂ ಗೊತ್ತಿರುವ ಒಂದು ತಳಪಾಯ. ಮುರಿಯಬಾರದ ಕೆಲವು ನಿಯಮ. ಹೊಸದನ್ನು ಸೇರಿಸುವುದಕ್ಕೆ ಅನುಮತಿ. ತೊಗಲುಗೊಂಬೆ ಆಟ ನೋಡಿದವರಿಗೆ ಈ ಮೂರೂ ಗೊತ್ತು. ರಾಮಾಯಣದ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬರ್ತಾರೆ. ಅವರು ಯಾವ ಕವಿಯ ಕಾವ್ಯದಲ್ಲೂ ಇಲ್ಲ, ಆದರೆ ಯಾವ ಕಥೆಗೂ ನುಗ್ಗಬಹುದು. ರಾವಣನ ಎದುರಿಗೇ ಇವತ್ತಿನ ಊರ ಸುದ್ದಿ ಮಾತಾಡಬಹುದು. ಗಡಿಯ ಆ ಕಡೆಯ ತೆಲುಗು ಗೊಂಬೆಯಾಟದಲ್ಲೂ ಬಂಗಾರಕ್ಕ ಇದ್ದಾಳೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಅದೇ ತೊಗಲಿನಲ್ಲಿ ಗಾಂಧೀಜಿಯನ್ನು ಮಾಡಿ ಸ್ವಾತಂತ್ರ್ಯ ಹೋರಾಟದ ಕಥೆ ಆಡಿಸಿದರು. ಪರದೆ ಹಳೆಯದು, ಲೋಕ ಬೆಳೀತಾನೇ ಇತ್ತು.

ಶಶಿರೇಖೆಯ ಕಥೆ ಇನ್ನೂ ಒಳ್ಳೆಯ ಉದಾಹರಣೆ. ಬಲರಾಮನ ಮಗಳು ಅಭಿಮನ್ಯುವನ್ನು ಮದುವೆಯಾಗುವ ಈ ಪ್ರಸಂಗ ವ್ಯಾಸರ ಭಾರತದಲ್ಲಿ ಇಲ್ಲ. ಜನ ಸೇರಿಸಿಕೊಂಡದ್ದು. ನಾಟಕದವರು ಅದನ್ನು ಬೆಳೆಸಿದರು, 1957ರಲ್ಲಿ ಕೆ.ವಿ. ರೆಡ್ಡಿ ‘ಮಾಯಾಬಜಾರ್’ ಮಾಡಿದರು. ಅದರಲ್ಲಿ ‘ಪ್ರಿಯದರ್ಶಿನಿ’ ಅಂತ ಒಂದು ಪೆಟ್ಟಿಗೆ ಬರುತ್ತದೆ. ಮುಚ್ಚಳ ತೆಗೆದವರಿಗೆ ತಾವು ತುಂಬ ಪ್ರೀತಿಸುವುದು ಕಾಣಿಸುತ್ತದೆ. ವಿಡಿಯೋ ಕಾಲ್ ಮಾಡುವ ಕಾಲದವರಿಗೆ ಆ ಪೆಟ್ಟಿಗೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆಟದ ಹಾಸೂ ಒಂದು ಲೋಕವೇ. ತೆಲುಗಿನವರು ವೈಕುಂಠಪಾಳಿ ಅನ್ನುವ, ನಾವು ಹಾವು ಏಣಿ ಅನ್ನುವ ಆಟದ ಹಳೆಯ ಹಾಸುಗಳಲ್ಲಿ ಪ್ರತಿ ಮನೆಗೂ ಒಂದು ಅರ್ಥ ಇತ್ತು: ಈ ಗುಣ ಮೇಲೆ ಹತ್ತಿಸುತ್ತದೆ, ಆ ದೋಷ ಕೆಳಗೆ ಇಳಿಸುತ್ತದೆ, ತುದಿಯಲ್ಲಿ ವೈಕುಂಠ. ಹಂಪಿಯ ಮಂಟಪಗಳ ಕಲ್ಲುಹಾಸಿನಲ್ಲಿ ಕೊರೆದ ಆಟದ ಮನೆಗಳನ್ನು ಇವತ್ತೂ ನೋಡಬಹುದು. ಹತ್ತೊಂಬತ್ತನೇ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಯಾಟಗಳನ್ನು ತಾವೇ ರೂಪಿಸಿದರು. ಅವುಗಳಲ್ಲಿ ಅತಿ ದೊಡ್ಡದಕ್ಕೆ 360 ಎಲೆ. ದೇವರು, ಗ್ರಹ, ರಾಶಿಗಳನ್ನೆಲ್ಲ ಎಲೆಗಳಲ್ಲಿ ಜೋಡಿಸಿಡುವ ಆ ಶ್ರದ್ಧೆ ನೋಡಿದರೆ, ಇವತ್ತಿನ ಗೇಮ್ ಡಿಸೈನರ್‌ಗಳಿಗೆ ಅವರು ದೂರದವರಲ್ಲ ಅನ್ನಿಸುತ್ತದೆ.

3. ಕಾರಣಿಕ, ಕಾಲಜ್ಞಾನ

ಇವೆಲ್ಲ ಹಿಂದಿನ ಲೋಕಗಳು. ಮುಂದಿನದರ ಬಗ್ಗೆ ನಮ್ಮ ಸೀಮೆ ಏನು ಹೇಳಿಕೊಳ್ತಿತ್ತು? ಇಲ್ಲಿ ನೋಡ್ರಿ, ಕಾರಣಿಕ ಬರುತ್ತದೆ.

ವಿಜಯನಗರ ಜಿಲ್ಲೆಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ವಾಕ್ಯ ಹೇಳಿ ಬೀಳ್ತಾನೆ. ನಮ್ಮ ಹೊಳಗುಂದದ ಹತ್ತಿರ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಬನ್ನಿ ಜಾತ್ರೆ ವಿಜಯದಶಮಿಯ ರಾತ್ರಿ ನಡೆಯುತ್ತದೆ. ಪತ್ರಿಕೆಗಳಿಗೆ ಅಲ್ಲಿನ ಬಡಿಗೆ ಕಾಳಗ ಮಾತ್ರ ಕಾಣುತ್ತದೆ. ಕೊನೆಯಲ್ಲಿ ಭವಿಷ್ಯವಾಣಿ ಹೇಳುವ ಪದ್ಧತಿಯೂ ಇದೆ. ಹೇಳುವ ಮಾತು ಚಿಕ್ಕದು. ಅದರ ಅರ್ಥವನ್ನು ಬೆಳೆಸುವವರು ಜನ: ಮಳೆ ಅಂತ ಒಬ್ಬರು, ಹತ್ತಿ ರೇಟು ಅಂತ ಇನ್ನೊಬ್ಬರು, ಸರ್ಕಾರ ಬೀಳುತ್ತದೆ ಅಂತ ಮತ್ತೊಬ್ಬರು. ಆ ವರ್ಷದ ನಾಳೆಯನ್ನು ಇಡೀ ಸೀಮೆ ಸೇರಿ ಕಟ್ಟುತ್ತದೆ.

ಕಾಲಜ್ಞಾನ ಇದಕ್ಕಿಂತ ದೊಡ್ಡ ಬಯಲು. ಕನ್ನಡದಲ್ಲಿ ಕೊಡೇಕಲ್ ಬಸವಣ್ಣನ ಪರಂಪರೆ ಇದೆ. ತೆಲುಗಿನಲ್ಲಿ ಪೋತುಲೂರಿ ವೀರಬ್ರಹ್ಮಂ ಇದ್ದಾರೆ. ಅವರ ನೆನಪು ಗಟ್ಟಿಯಾಗಿ ಅಂಟಿಕೊಂಡಿರುವ ಬನಗಾನಪಲ್ಲಿ 2022ರವರೆಗೂ ನಮ್ಮ ಕರ್ನೂಲು ಜಿಲ್ಲೆಯಲ್ಲೇ ಇತ್ತು. ಎತ್ತಿಲ್ಲದೆ ಓಡುವ ಬಂಡಿಯಿಂದ ಹಿಡಿದು ಸಿನಿಮಾದವರ ಆಳ್ವಿಕೆಯವರೆಗೆ, ನಡೆದದ್ದನ್ನೆಲ್ಲ ನಡೆದ ಮೇಲೆ ‘ಬ್ರಹ್ಮಂಗಾರು ಮೊದಲೇ ಹೇಳಿದ್ದರು’ ಅಂತ ಜನ ಅವರ ಲೆಕ್ಕಕ್ಕೆ ಸೇರಿಸ್ತಾ ಬಂದಿದ್ದಾರೆ. ಹೀಗೆ ಬೆಳೀತಾ ಹೋಗುವ ಪಠ್ಯಕ್ಕೆ ಕೊನೆಯ ಪುಟ ಇಲ್ಲ.

ಇದನ್ನು ಸೈನ್ಸ್ ಫಿಕ್ಷನ್ ಅಂತ ಕರೆಯುವ ಅವಸರ ನನಗಿಲ್ಲ. ವ್ಯತ್ಯಾಸ ಸ್ಪಷ್ಟ. ಕಾಲಜ್ಞಾನ ‘ಹೀಗಾಗುತ್ತದೆ’ ಅನ್ನುತ್ತದೆ. ವಿಜ್ಞಾನ ಕಥೆ ‘ಹೀಗಾದರೆ?’ ಅನ್ನುತ್ತದೆ. ಮೊದಲನೆಯದರಲ್ಲಿ ನಾವು ಕಾಯುವವರು, ಎರಡನೆಯದರಲ್ಲಿ ಲೆಕ್ಕ ಹಾಕುವವರು. ಬಂಡಿ ಎತ್ತಿಲ್ಲದೆ ಓಡುತ್ತದೆ ಅಂದರೆ ಕಾಲಜ್ಞಾನದ ಕೆಲಸ ಮುಗಿಯಿತು. ಅದು ಹೇಗೆ ಓಡುತ್ತದೆ, ಎಣ್ಣೆ ಎಲ್ಲಿಂದ ಬರುತ್ತದೆ, ಎತ್ತು ಸಾಕಿದವನ ಗತಿ ಏನು ಅಂತ ಕೇಳಿದ ಮೇಲೆ ವಿಜ್ಞಾನ ಕಥೆ ಶುರುವಾಗುತ್ತದೆ.

4. ಅಚ್ಚು ಮತ್ತು ಪರದೆ

‘ಹೇಗೆ’ ಅನ್ನುವ ಆ ಪ್ರಶ್ನೆ ನಮ್ಮ ಸೀಮೆಗೆ ಯಾವ ದಾರಿಯಲ್ಲಿ ಬಂತು? ಮೊದಲು ಅಚ್ಚಿನ ದಾರಿ. ಮದ್ರಾಸಿನಿಂದ ಬರುತ್ತಿದ್ದ ‘ಚಂದಮಾಮ’ 1947ರಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ ಆಮೇಲೆ ಕನ್ನಡಕ್ಕೂ ಬಂತು. ದಾಸರಿ ಸುಬ್ರಹ್ಮಣ್ಯಂ ಅವರ ಮಾಯಾಮಂತ್ರದ ಧಾರಾವಾಹಿ, ಚಿತ್ರಾ ಅವರ ಚಿತ್ರ. ಗಡಿಯ ಮಗುವಿಗೆ ಅದೇ ರಾಕ್ಷಸ, ಅದೇ ಗುಹೆ ಎರಡು ಲಿಪಿಯಲ್ಲಿ ಸಿಗುತ್ತಿತ್ತು. ಆದರೆ ಅದು ಮಾಯೆಯ ಲೋಕ, ಯಂತ್ರದ್ದಲ್ಲ. ವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಕೆಲಸವನ್ನು ಶಿವರಾಮ ಕಾರಂತರು ‘ಬಾಲ ಪ್ರಪಂಚ’ದಂಥ ಪುಸ್ತಕಗಳಿಂದ ಮಾಡಿದ್ದರು. ಮುಂದೆ ರಾಜಶೇಖರ ಭೂಸನೂರಮಠರು ವಿಜ್ಞಾನ ಕಥೆ, ಕಾದಂಬರಿಗಳನ್ನು ಶ್ರದ್ಧೆಯಿಂದ ಬರೆದರು.

ಅಂದರೆ ಕನ್ನಡದಲ್ಲಿ ಲೇಖಕರಿದ್ದರು. ಕಡಿಮೆ ಬಿದ್ದದ್ದು ಅಭಿಮಾನಿಗಳು ಒಟ್ಟಾಗುವ ಜಾಗ. ಬಂಗಾಳದ ಜೊತೆ ಹೋಲಿಸಿದರೆ ಇದು ಎದ್ದು ಕಾಣುತ್ತದೆ. ಅಲ್ಲಿ 1963ರಲ್ಲಿ ಅದ್ರೀಶ್ ಬರ್ಧನ್ ‘ಆಶ್ಚರ್ಯ’ ಅನ್ನುವ ವಿಜ್ಞಾನ ಕಥೆಗಳ ಪತ್ರಿಕೆ ತಂದರು; 1966ರಲ್ಲಿ ಸತ್ಯಜಿತ್ ರಾಯ್ ಅವರ ಅಧ್ಯಕ್ಷತೆಯಲ್ಲಿ ಕಲ್ಕತ್ತಾದಲ್ಲಿ ಸೈನ್ಸ್ ಫಿಕ್ಷನ್ ಸಿನಿ ಕ್ಲಬ್ ನಡೆಯಿತು. ಅಲ್ಲಿನ ಓದುಗನಿಗೆ ಓದಿದ್ದನ್ನು ಹಂಚಿಕೊಳ್ಳಲು ಇನ್ನೊಬ್ಬ ಓದುಗ ಸಿಕ್ಕ. ಆದವಾನಿಯ ಕನ್ನಡ ಓದುಗನಿಗೆ ಪುಸ್ತಕವೇ ಬಳ್ಳಾರಿಯಿಂದ ಬರಬೇಕಾಗಿತ್ತು.

ಆಮೇಲೆ ಪರದೆಯ ದಾರಿ. ‘ಮಾಯಾಬಜಾರ್’ ಕನ್ನಡಕ್ಕೆ ಡಬ್ ಆಗಿತ್ತು. ಆದರೆ 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯ ನಂತರ ಸುಮಾರು ಐದು ದಶಕ ಆ ಬಾಗಿಲು ಮುಚ್ಚಿತ್ತು. ಕನ್ನಡ ಚಿತ್ರರಂಗದ ಕಲಾವಿದರು, ತಂತ್ರಜ್ಞರ ಅನ್ನದ ಪ್ರಶ್ನೆ ಅದು. ಆ ಚಳವಳಿಗೆ ಅದರದ್ದೇ ನ್ಯಾಯ ಇತ್ತು. ಪರಿಣಾಮ ಮಾತ್ರ ಹೀಗಾಯಿತು: ದುಬಾರಿ ಸೆಟ್, ದುಬಾರಿ ಯಂತ್ರ ಬೇಕಾಗುವ ನಾಳೆಯ ಕಥೆಗಳು ಬೇರೆ ಭಾಷೆಯಲ್ಲೇ ಉಳಿದವು.

1991ರ ‘ಆದಿತ್ಯ 369’ ನಮ್ಮ ಕಡೆಯ ದೊಡ್ಡ ಉದಾಹರಣೆ. ಸಿಂಗೀತಂ ಶ್ರೀನಿವಾಸರಾವ್ ಕನ್ನಡಕ್ಕೆ ಹೊಸಬರಲ್ಲ, ರಾಜ್‌ಕುಮಾರ್ ಅವರ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಮಾಡಿದವರು. ಅವರ ಕಾಲಯಂತ್ರ ಮೊದಲು ಕೃಷ್ಣದೇವರಾಯನ ಆಸ್ಥಾನಕ್ಕೆ ಹೋಗುತ್ತದೆ, ಆಮೇಲೆ 26ನೇ ಶತಮಾನಕ್ಕೆ. ಕಾಲ ದಾಟಿ ಮಾತಾಡುವ ಕಥೆ ನಮ್ಮ ಸೀಮೆಗೆ ಗೊತ್ತಿಲ್ಲದ್ದೇನಲ್ಲ. 1671ರಲ್ಲಿ ಬೃಂದಾವನಸ್ಥರಾದ ರಾಯರ ಜೊತೆ, ನೂರಮೂವತ್ತು ವರ್ಷದ ನಂತರ ಬಂದ ಕಲೆಕ್ಟರ್ ಥಾಮಸ್ ಮನ್ರೋ ಮಂತ್ರಾಲಯದಲ್ಲಿ ಮಾತಾಡಿದ ಅನ್ನುವ ಐತಿಹ್ಯ ಮನೆಮನೆಯಲ್ಲಿದೆ. ಅವನಿಗೆ ಕೇಳಿಸಿದ್ದು ಜೊತೆಯವರಿಗೆ ಕೇಳಿಸಲಿಲ್ಲ ಅಂತಲೂ ಹೇಳ್ತಾರೆ. ಅದರ ಭಕ್ತಿಯ ಮುಖವನ್ನು ನಾನು ಮುಟ್ಟುವುದಿಲ್ಲ, ಕಥೆಯ ಬಗೆಯನ್ನಷ್ಟೇ ತೋರಿಸ್ತಿದ್ದೀನಿ. ಐತಿಹ್ಯ ಕನ್ನಡದಲ್ಲಿತ್ತು, ಕಾಲಯಂತ್ರ ತೆಲುಗಿನಲ್ಲಿ ಬಂತು. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದು, ನಿಧಾನವಾಗಿ ಡಬ್ಬಿಂಗ್ ಮರಳಿದ ಮೇಲೆ, 2024ರ ‘ಕಲ್ಕಿ 2898 ಎಡಿ’ ಕನ್ನಡದಲ್ಲೂ ಮಾತಾಡಿತು. ಅಶ್ವತ್ಥಾಮನನ್ನು ಯಂತ್ರಗಳ ನಡುವೆ ನಿಲ್ಲಿಸುವ ಆ ಚಿತ್ರ ಪುರಾಣಕ್ಕೆ ಹೊಸ ಪಾತ್ರ ಸೇರಿಸುವ ಹಳೆಯ ಅಭ್ಯಾಸವನ್ನೇ ಮುಂದುವರಿಸಿದೆ.

5. ಗೇಮ್

ಗೇಮ್‌ನಲ್ಲಿ ಭಾಷೆಯ ಪ್ರಶ್ನೆ ಮೊದಲಿಗೆ ಇರಲೇ ಇಲ್ಲ. ಟಿವಿಗೆ ಜೋಡಿಸುವ ಅಗ್ಗದ ಪೆಟ್ಟಿಗೆ, ಅದಕ್ಕೆ ತುರುಕುವ ಕ್ಯಾಸೆಟ್, ಮಾರಿಯೋ, ಕಾಂಟ್ರಾ. ಓಡು, ಹಾರು, ಹೊಡಿ. ಮಾತೇ ಬೇಡ. ಆಮೇಲೆ ನೆಟ್ ಸೆಂಟರಿನಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಆಡುವ ಕಾಲ, ಆಮೇಲೆ ಅಗ್ಗದ ಡೇಟಾ, ಮೊಬೈಲ್, ಪಬ್ಜಿ. ಪಬ್ಜಿಯ ಮೈಕ್‌ನಲ್ಲಿ ನಮ್ಮ ಹುಡುಗರು ಕನ್ನಡ, ತೆಲುಗು, ಹಿಂದಿ ಮೂರನ್ನೂ ಕಲಸಿ ಕೂಗಾಡಿದರು. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಅದನ್ನು ನಿಷೇಧಿಸಿತು. ಹೊಸ ಹೆಸರಿನಲ್ಲಿ ಅದು ಮರಳಿದ್ದು ಮರುವರ್ಷ.

ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಸಂಸ್ಥೆ ಶುರುವಾಗಿ ಹೊರದೇಶದ ದೊಡ್ಡ ಗೇಮ್‌ಗಳಿಗೆ ಚಿತ್ರ, ಮಾದರಿ ಮಾಡಿಕೊಡ್ತಿತ್ತು. ಅಂದರೆ ಲೋಕಗಳನ್ನು ಕಟ್ಟುವ ಕೈ ಕನ್ನಡ ನೆಲದಲ್ಲಿತ್ತು, ಆ ಲೋಕಗಳ ಮಾತು ಬೇರೆಯಾಗಿತ್ತು. ಇದಕ್ಕೆ ಎದುರಾಗಿ ಮೈನ್‌ಕ್ರಾಫ್ಟ್ ನೋಡಿ. ಅದರ ಕಂಪ್ಯೂಟರ್ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆ ಅನುವಾದ ಸ್ವಯಂಸೇವಕರ ಕೆಲಸ. ಸಂಬಳ ಇಲ್ಲ, ಹೆಸರಿಲ್ಲ. ಗೇಮ್ ಹುಚ್ಚಿನವರು ಕೂತು ಕಲ್ಲು, ಕುಲುಮೆ, ಗುದ್ದಲಿಗೆ ಕನ್ನಡ ಹುಡುಕಿದ್ದಾರೆ.

6. ನಮ್ಮ ನೋಟ್‌ಬುಕ್

ಪಬ್ಜಿ ನಿಂತ ಆ ದಿನಗಳಲ್ಲಿ ನಾವು ಐದು ಜನ ಗೆಳೆಯರು ಒಂದು ಲೋಕ ಕಟ್ಟಲು ಶುರು ಮಾಡಿದೆವು. ಮೊದಲು ಮೈನ್‌ಕ್ರಾಫ್ಟ್‌ನಲ್ಲಿ ಆದವಾನಿ ಕೋಟೆ, ಆಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್. ಕಾಲ: 2253. 1953ಕ್ಕೆ ಮುನ್ನೂರು ವರ್ಷ. ಜಾಗ: ತುಂಗಭದ್ರಾ ಕೆಳಮಟ್ಟದ ಕಾಲುವೆಯ ಕೊನೆ. ನಿಯಮ ಮೂರು: ಇನ್ನೊಬ್ಬ ಬರೆದದ್ದನ್ನು ಅಳಿಸಬಾರದು, ಯಾವ ಕಷ್ಟವನ್ನೂ ದೇವರು ಬಂದು ಬಿಡಿಸಬಾರದು, ಯಾವ ಯಂತ್ರ ತಂದರೂ ಅದಕ್ಕೆ ನೀರು ಎಲ್ಲಿಂದ ಅಂತ ಬರೀಬೇಕು.

ಮೂರನೆಯ ನಿಯಮ ಯಾಕೆ ಅಂತ ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಳೆ ಹೋಗುತ್ತದೆ, ಗುಂಟೂರಿನ ಮೆಣಸಿನಕಾಯಿ ಹೊಲಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ನಮ್ಮ ಐವರಲ್ಲಿ ಒಬ್ಬನ ಮನೆಯವರೂ ಹೋಗ್ತಾರೆ. ಅವನು ತೆಲುಗು ಮಾಧ್ಯಮದಲ್ಲಿ ಓದಿದವನು, ಕನ್ನಡ ಬರೆಯಲು ಬಾರದು. ಗುಂಟೂರಿನಿಂದ ವಾಟ್ಸಾಪ್‌ನಲ್ಲಿ ಕನ್ನಡದ ಧ್ವನಿ ಸಂದೇಶ ಕಳಿಸ್ತಿದ್ದ. ನಾವು ಕೇಳಿ ಬರೆದುಕೊಳ್ತಿದ್ದೆವು. ಗುಂತಕಲ್–ರಾಯಚೂರು ಹಳಿಯ ಮೇಲೆ ಎಲ್ಲೂ ನಿಲ್ಲದ ಒಂದು ರೈಲು, ಅದರೊಳಗೇ ಹುಟ್ಟಿ ಸಾಯುವ ಗುಳೆಯ ಜನ: ನಮ್ಮ ಲೋಕದ ಅತಿ ಗಟ್ಟಿ ಕಲ್ಪನೆ ಅವನದು.

ಸಂಶೋಧನೆಗೆ ಬಂದ ಮೇಲೆ ನಾನು ಆ ನೋಟ್‌ಬುಕ್ಕಿನ ಹೆಸರುಗಳನ್ನು ವಿಂಗಡಿಸಿ ನೋಡಿದೆ. ಊರು, ಬೆಟ್ಟ, ಹಬ್ಬ, ಬೈಗುಳ ಎಲ್ಲ ಕನ್ನಡ. ಯಂತ್ರ, ಆಡಳಿತ, ಕಾನೂನು ಬಹುಪಾಲು ಇಂಗ್ಲಿಷು. ನೀರು ಹಂಚುವ ದೊಡ್ಡ ಯಂತ್ರಕ್ಕೆ ‘ವಾಟರ್ ಸಿಸ್ಟಮ್’ ಅಂತ ಬರೆದಿದ್ದೆವು. ಒಂದು ದಿನ ಒಬ್ಬನ ಅಜ್ಜಿ, ‘ಅಂದ್ರ ಅದು ನೀರಗಂಟಿ ಏನೋ?’ ಅಂದಳು. ನಮ್ಮ ಕಡೆ ಕೆರೆಯ ತೂಬು ತೆಗೆದು ಹೊಲಗಳಿಗೆ ಸರದಿ ಪ್ರಕಾರ ನೀರು ಬಿಡುವವನು ನೀರಗಂಟಿ. ನಾವು ಹೆಸರು ಬದಲಾಯಿಸಿದೆವು. ಆಮೇಲೆ ಕಥೆಯೇ ಬದಲಾಯಿತು.

ಯಾಕೆ? ಸಿಸ್ಟಮ್ ಕೆಟ್ಟರೆ ಕಾಯಬೇಕು, ಅಷ್ಟೇ. ನೀರಗಂಟಿಯನ್ನು ಹಾಗೆ ಬಿಡುವುದಿಲ್ಲ. ಅವನು ಊರಿಗೆ ಉತ್ತರ ಹೇಳಬೇಕು. ಅವನಿಗೆ ಊರು ಕಾಳು ಕೊಡುತ್ತದೆ, ತಪ್ಪು ಮಾಡಿದರೆ ಕಟ್ಟೆಗೆ ಕರೆಸುತ್ತದೆ. ಕೊನೆಯ ಹೊಲದವನು ಅವನನ್ನು ನಿಲ್ಲಿಸಿ ‘ನನ್ನ ಪಾಳಿ ಯಾವಾಗ?’ ಅಂತ ಕೇಳಬಹುದು. ಆ ಪದ ಬಂದ ಕೂಡಲೇ ನಮ್ಮ ಯಂತ್ರಕ್ಕೂ ಕಟ್ಟೆ ಬಂತು, ಪಾಳಿ ಬಂತು, ಜಗಳ ಬಂತು. ಕೆಳಜಾತಿಯವರ ಹೊಲಕ್ಕೆ ನೀರು ಕೊನೆಗೇ ಬರ್ತಿತ್ತಲ್ಲ, ಯಂತ್ರವೂ ಹಾಗೇ ಮಾಡ್ತದಾ ಅನ್ನುವ ಪ್ರಶ್ನೆಯೂ ಬಂತು. ಪದ ತನ್ನ ಜೊತೆ ಹಳೆಯ ನಿಯಮವನ್ನೂ ಹಳೆಯ ಅನ್ಯಾಯವನ್ನೂ ತಂದಿತು. ಅವೆರಡನ್ನೂ ಪ್ರಶ್ನಿಸುವುದಕ್ಕೆ ನಮಗೆ ಮಾತು ಸಿಕ್ಕಿತು.

ನನ್ನ ವಾದ ಇಷ್ಟೇ. ನಾಳೆಗೆ ಯಾವ ಭಾಷೆಯಲ್ಲಿ ಹೆಸರಿಡ್ತೇವೆ ಅನ್ನುವುದು ಬರೀ ಅಭಿಮಾನದ ಮಾತಲ್ಲ. ಆ ನಾಳೆಯನ್ನು ಯಾರು ಪ್ರಶ್ನೆ ಕೇಳಬಹುದು ಅನ್ನುವುದನ್ನೂ ಅದು ನಿರ್ಧರಿಸುತ್ತದೆ. ಅಜ್ಜಿಗೆ ‘ಸಿಸ್ಟಮ್’ ಬಗ್ಗೆ ಕೇಳುವುದಕ್ಕೆ ಏನೂ ಇರಲಿಲ್ಲ. ನೀರಗಂಟಿ ಬಗ್ಗೆ ಅವಳಿಗೆ ನಮಗಿಂತ ಜಾಸ್ತಿ ಗೊತ್ತಿತ್ತು.

ಚರ್ಚೆ

ಅಧ್ಯಾಪಕರೊಬ್ಬರು: ಪುರಾಣವನ್ನು ಜನ ನಂಬ್ತಾರೆ. ನಿಮ್ಮ ಹವ್ಯಾಸವನ್ನು ಯಾರೂ ನಂಬುವುದಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಹುದಾ?

ಉತ್ತರ: ಒಳ್ಳೆಯ ಪ್ರಶ್ನೆ ಸರ್. ನಂಬಿಕೆ ಮತ್ತು ಆಟ ನಮ್ಮಲ್ಲಿ ಅಷ್ಟು ದೂರ ಇರಲಿಲ್ಲ ಅಂತ ನನ್ನ ಅನಿಸಿಕೆ. ಗೊಂಬೆಯಾಟಕ್ಕೆ ಮೊದಲು ಪೂಜೆ ಮಾಡ್ತಾರೆ, ಆಮೇಲೆ ಅದೇ ಪರದೆಯ ಮೇಲೆ ಕಿಳ್ಳೇಕ್ಯಾತ ಎಲ್ಲರನ್ನೂ ಗೇಲಿ ಮಾಡ್ತಾನೆ. ನಾನು ಹೋಲಿಸ್ತಿರೋದು ನಂಬಿಕೆಯನ್ನಲ್ಲ, ಸೇರಿಸುವ ಅನುಮತಿಯನ್ನು.

ಸಂಶೋಧನಾ ವಿದ್ಯಾರ್ಥಿನಿ: ತೆಲುಗಿನಿಂದ ಕನ್ನಡಕ್ಕೆ ನಷ್ಟ ಆಯಿತು ಅಂತ ಹೇಳ್ತಿದ್ದೀರಾ?

ಉತ್ತರ: ಇಲ್ಲಕ್ಕ. ನೀರಗಂಟಿ ತೆಲುಗಿನಲ್ಲೂ ಇರುವ ಪದ, ಬಂಗಾರಕ್ಕ ಇಬ್ಬರಿಗೂ ಸೇರಿದವಳು. ‘ಆದಿತ್ಯ 369’ ಇಲ್ಲದಿದ್ದರೆ ನನಗೆ ಈ ಹುಚ್ಚೇ ಹಿಡೀತಿರಲಿಲ್ಲ. ನಷ್ಟ ಆಗುವುದು ಮನೆಯ ಭಾಷೆ ಬರೀ ನೆನಪಿಗೆ, ಹೊರಗಿನ ಭಾಷೆ ಬರೀ ಯೋಜನೆಗೆ ಅಂತ ಹಂಚಿಕೆಯಾದಾಗ. ಅದು ತೆಲುಗು ಮನೆಗಳಲ್ಲೂ ಆಗ್ತಿದೆ.

ಇನ್ನೊಬ್ಬ ವಿದ್ಯಾರ್ಥಿ: ಆ ನೋಟ್‌ಬುಕ್ ಈಗ ಎಲ್ಲಿದೆ? ಅದನ್ನು ಚರಿತ್ರೆಯ ಆಕರ ಅಂತ ಒಪ್ಪಬಹುದಾ?

ಉತ್ತರ: ನನ್ನ ಹತ್ತಿರಾನೇ ಇದೆ. ಆದರೆ ನನಗೆ ಚಿಂತೆ ಇರೋದು ನೋಟ್‌ಬುಕ್‌ದಲ್ಲ, ಧ್ವನಿ ಸಂದೇಶಗಳದ್ದು. ಫೋನ್ ಬದಲಾಯಿಸಿದಾಗ ಒಂದಷ್ಟು ಹೋಗೇಬಿಟ್ಟವು. ಗಡಿಯ ಹಳ್ಳಿಗಳಲ್ಲಿ ಕನ್ನಡ ಮಾತಾಡಬಲ್ಲ, ಬರೆಯಲಾರದ ಒಂದು ತಲೆಮಾರು ಇದೆ. ಅವರ ಕಲ್ಪನೆ ಕಾಗದದಲ್ಲಿ ಸಿಗೋದಿಲ್ಲ, ಫೋನಿನಲ್ಲಿ ಸಿಗುತ್ತದೆ. ಜಾನಪದ ಸಂಗ್ರಹಕ್ಕೆ ಟೇಪ್ ರೆಕಾರ್ಡರ್ ಹಿಡಿದು ಊರೂರು ತಿರುಗಿದ ಹಿರಿಯರು ನಮಗೆ ದಾರಿ ತೋರಿಸಿದ್ದಾರೆ. ಈಗ ಕೇಳಬೇಕಾದ್ದು ಅಜ್ಜಿಯ ಹಾಡನ್ನು ಮಾತ್ರ ಅಲ್ಲ, ಗುಳೆ ಹೋದ ಹುಡುಗ 2253ರ ಬಗ್ಗೆ ಏನು ಹೇಳ್ತಾನೆ ಅನ್ನುವುದನ್ನೂ ಕೇಳಿ ಇಟ್ಟುಕೊಳ್ಳಬೇಕು. ವಿಭಾಗದ ಸಂಗ್ರಹದಲ್ಲಿ ಅದಕ್ಕೊಂದು ಕಪಾಟು ಕೊಡಿ ಅಂತ ಅಧ್ಯಕ್ಷರನ್ನು ಇಲ್ಲೇ ಕೇಳಿಕೊಳ್ತೀನಿ.